ಹಿಂದಕ್ಕೆ ನಡೆಯುವವಳು

ದೊಡ್ಡ ಗಾಜು ಹೊರುವುದಕ್ಕೆ ಇಬ್ಬರು ಬೇಕು. ಒಬ್ಬರು ಮುಂದಕ್ಕೆ ನಡೆಯುತ್ತಾರೆ, ಇನ್ನೊಬ್ಬರು ಹಿಂದಕ್ಕೆ. ಮುಂದಕ್ಕೆ ನಡೆಯುವವರಿಗೆ ದಾರಿ ಕಾಣುತ್ತದೆ. ಹಿಂದಕ್ಕೆ ನಡೆಯುವವರಿಗೆ ಕಾಣುವುದು ಗಾಜಿನ ಆ ತುದಿ ಹಿಡಿದವರ ಮುಖ ಮಾತ್ರ.

ಬೀದಿಯವರೆಲ್ಲ ಗಾಜಿನಕ್ಕ ಎಂದು ಕರೆಯುತ್ತಿದ್ದ ಹೆಂಗಸು ಮದುವೆಯಾದ ಮೂರನೆಯ ತಿಂಗಳಿಂದ ಹಿಂದಕ್ಕೇ ನಡೆದವಳು. ಹತ್ತೊಂಬತ್ತು ವರ್ಷ ಹೀಗೆ ನಡೆದು ಒಮ್ಮೆಯೂ ಬಿದ್ದಿರಲಿಲ್ಲ. ಅವಳ ಬೆನ್ನಿಗೇನೂ ಕಣ್ಣಿರಲಿಲ್ಲ, ಗಂಡನ ಗಂಟಲಿತ್ತು.

ಆ ಗಂಟಲು ಸಾಮಾನ್ಯದ್ದಲ್ಲ. ಅವನು ಬೀದಿಯ ಈ ತುದಿಯಲ್ಲಿ "ಮೆಟ್ಟಿಲು ಬಂತು" ಎಂದರೆ ಆ ತುದಿಯಲ್ಲಿ ಸುಮ್ಮನೆ ಹೋಗುತ್ತಿದ್ದವರೂ ಕಾಲೆತ್ತಿ ಇಡುತ್ತಿದ್ದರು. ಪಕ್ಕದ ಕ್ಷೌರದಂಗಡಿಯವನು ಅವನಿಗೆ ಡಂಗುರ ಎಂದು ಹೆಸರಿಟ್ಟಿದ್ದ. ಹೆಂಡತಿಯೋ, ನಾಲ್ಕು ಜನರೆದುರು ಬಾಯಿ ಬಿಡುವವಳಲ್ಲ. "ಇಬ್ಬರಿಗೂ ಸೇರಿಸಿ ದೇವರು ಒಂದೇ ಗಂಟಲು ಕೊಟ್ಟ, ಅದನ್ನೂ ಒಬ್ಬನೇ ಇಟ್ಕೊಂಡ" ಎಂದು ಕ್ಷೌರದವನು ನಗುತ್ತಿದ್ದ.

ಹೋದ ವರ್ಷ ಆ ಗಂಟಲಿಗೇ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಆಮೇಲೆ ಆರು ವಾರ ರೇಡಿಯೇಷನ್. ಕಾಯಿಲೆ ಹೋಯಿತು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಸಾಕು ಎಂದರು ಡಾಕ್ಟರು. ಈಗ ಅವನು ಉಸಿರಾಡುವುದು ಕುತ್ತಿಗೆಯ ಬುಡದಲ್ಲಿರುವ, ಕೋಟಿನ ಗುಂಡಿಯಷ್ಟಗಲದ ಒಂದು ತೂತಿನಿಂದ. ಅದರ ಮೇಲೊಂದು ತೆಳು ಬಟ್ಟೆ. ಒಳಗೆ ಸಣ್ಣದೊಂದು ಕವಾಟ ಕೂರಿಸಿದ್ದಾರೆ. ಹೆಬ್ಬೆರಳಿನಿಂದ ತೂತು ಒತ್ತಿ ಉಸಿರು ಬಿಟ್ಟರೆ ಬಾಯಿಯಿಂದ ಮಾತು ಬರುತ್ತದೆ. ಒರಟು ಮಾತು, ಮರಳ ಮೇಲೆ ಪೆಟ್ಟಿಗೆ ಎಳೆದ ಹಾಗೆ.

ಆಸ್ಪತ್ರೆಯಲ್ಲಿ ಅವನು ಚೆನ್ನಾಗಿಯೇ ಕಲಿತಿದ್ದ. ಮನೆಗೆ ಬಂದ ಮೇಲೆ ಒಂದು ದಿನ ಅಂಗಡಿಯ ಫೋನು ಎತ್ತಿದ. ಆ ಕಡೆಯವರು ಎರಡು ಸಲ ಹಲೋ ಎಂದು, "ಯಾರೋ ಮಿಕ್ಸಿ ಹತ್ರ ಕೂತು ತಮಾಷೆ ಮಾಡ್ತಿದ್ದಾರೆ" ಎಂದು ಪಕ್ಕದವರಿಗೆ ಹೇಳಿ ಇಟ್ಟುಬಿಟ್ಟರು. ಅವನು ಫೋನನ್ನು ಹೆಂಡತಿಯ ಕಡೆಗೆ ಸರಿಸಿದ. ಅಂದಿನಿಂದ ಹೆಬ್ಬೆರಳು ಮೇಲೇಳಲಿಲ್ಲ.

ಬದಲಿಗೆ ಬರೆಯತೊಡಗಿದ. ಗಾಜಿನ ಮೇಲೆ ಗುರುತು ಹಾಕುವ ಬಿಳಿ ಮೇಣದ ಪೆನ್ಸಿಲು, ಕತ್ತರಿಸಿ ಉಳಿದ ಗಾಜಿನ ಚೂರು. ಉಪ್ಪು ಕಡಿಮೆ. ಸ್ನಾನದ ನೀರು ಬಿಸಿ ಇದೆ. ಸುತ್ತಿಗೆ ಎಲ್ಲಿಟ್ಟೆ. ನಾನು ಸಿಟ್ಟಾಗಿಲ್ಲ. ಈ ಕೊನೆಯದರ ಕೆಳಗೆ ಎರಡು ಗೆರೆ ಎಳೆದಿರುತ್ತಿದ್ದ, ಅದರಿಂದಲೇ ಸಿಟ್ಟಾಗಿದ್ದಾನೆ ಎಂದು ಗೊತ್ತಾಗುತ್ತಿತ್ತು. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಇವರ ಜಗಳ ಮರುದಿನ ಬೆಳಿಗ್ಗೆಯೂ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಂತಿರುತ್ತಿತ್ತು. ಅವಳು ಒಂದೊಂದನ್ನೇ ಎತ್ತಿ ಬಟ್ಟೆಯಿಂದ ಒರೆಸಿ ಬುಟ್ಟಿಗೆ ಹಾಕುತ್ತಿದ್ದಳು. ಬರೆಯುವಾಗ ಅವನು ತಲೆ ತಗ್ಗಿಸುತ್ತಿದ್ದ. ಅವಳಿಗೆ ಕಾಣುತ್ತಿದ್ದದ್ದು ಕಾಯಿಲೆ ಬಂದ ಮೇಲೆ ಕೂದಲು ತೆಳ್ಳಗಾದ ಗಂಡನ ನೆತ್ತಿ.

ಅಂಗಡಿಯಲ್ಲಿ ಈಗ ಸಣ್ಣ ಕೆಲಸ ಮಾತ್ರ. ಫೋಟೋಗೆ ಕಟ್ಟು ಹಾಕುವುದು, ಒಡೆದ ಕಿಟಕಿಗೆ ಅಂಗೈಯಗಲದ ಗಾಜು ಕೂರಿಸುವುದು. ದೂಳು ತೂತಿಗೆ ಹೋಗಬಾರದೆಂದು ಅಂಚು ಉಜ್ಜುವ ಕೆಲಸವನ್ನು ಅವಳೇ ಹಿತ್ತಲಿಗೆ ಒಯ್ದು ಮಾಡುತ್ತಿದ್ದಳು. ವರ್ಷ ತುಂಬಿದ ಮೇಲೆ ಡಾಕ್ಟರು, ತೀರಾ ಭಾರವಿಲ್ಲದ್ದನ್ನು ಇಬ್ಬರು ಸೇರಿ ಹೊರಬಹುದು ಎಂದಿದ್ದರು. ಉಸಿರು ಬಿಗಿಹಿಡಿದು ಎತ್ತಲಿಕ್ಕೆ ಇನ್ನು ಆಗುವುದಿಲ್ಲ, ಉಸಿರು ತೂತಿನಿಂದ ಸೋರಿಹೋಗುತ್ತದೆ, ನಿಧಾನವಾಗಿ ಮಾಡಿ ಎಂದೂ ಹೇಳಿದ್ದರು. ಅವನು ಕೇಳಿಸಿಕೊಂಡು ತಲೆಯಾಡಿಸಿದ್ದ. ಆದರೆ ದೊಡ್ಡ ಗಾಜಿಗೆ ಯಾರು ಬಂದರೂ ಇಲ್ಲ ಎಂದು ಕೈಯಾಡಿಸಿ ಕಳಿಸುತ್ತಿದ್ದ.

ಒಂದು ಭಾನುವಾರ ಮೈದುನ ಬಂದ. ಕಟ್ಟಡ ಸಾಮಾನಿನ ವ್ಯಾಪಾರ ಅವನದು. ಒಳ್ಳೆಯವನು, ಆಸ್ಪತ್ರೆಯಲ್ಲಿ ಅಣ್ಣನ ಪಕ್ಕ ಹನ್ನೊಂದು ದಿನ ಬೆಂಚಿನ ಮೇಲೆ ಮಲಗಿದವನು.

"ಅಣ್ಣ, ಈ ಅಂಗಡಿ ನಂಗೆ ಬಿಟ್ಟುಬಿಡು. ನಾನು ಗೋಡೌನ್ ಮಾಡ್ಕೋತೀನಿ. ನೀನು ನನ್ನ ಹತ್ರ ಬಾ, ಕುರ್ಚಿ ಮೇಲೆ ಕೂತು ಸರಕು ಬಂದದ್ದು ಹೋದದ್ದು ನೋಡ್ಕೋ. ಅತ್ತಿಗೆ, ನೀವೂ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ. ಹಿಂದಕ್ಕೆ ನಡೆದೂ ನಡೆದೂ ಅರ್ಧ ಆಯಸ್ಸು ಹೋಯ್ತು."

ಅವಳು ಏನಾದರೂ ಹೇಳುವ ಮೊದಲೇ ಗಂಡ ಗಾಜಿನ ಚೂರೊಂದನ್ನು ಎಳೆದುಕೊಂಡು ಬರೆದ. ಆಗಲಿ.

"ತಿಂಗಳ ಕೊನೆಗೆ ಕಾಗದ ತರ್ತೀನಿ" ಎಂದು ಮೈದುನ ಎದ್ದ.

ಆ ಚೂರನ್ನು ಅವಳು ಒರೆಸಲಿಲ್ಲ. ತನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬ ಸಂಕಟ ಒಂದು ಕಡೆ. ಕೇಳಿದ್ದರೆ ಏನು ಹೇಳಬೇಕೆಂಬುದೂ ತಕ್ಷಣ ತಿಳಿಯುತ್ತಿರಲಿಲ್ಲ. ಅಂಗಡಿ ಹೋದರೆ ಹೋಗಲಿ, ನಾಲ್ಕು ಗೋಡೆ. ಅವಳಿಗೆ ಬೇಕಾಗಿದ್ದದ್ದು ಬೇರೆ. ಗಾಜಿನ ಆ ತುದಿಯಲ್ಲಿ ಹತ್ತೊಂಬತ್ತು ವರ್ಷ ನೋಡಿದ ಮುಖ. ಅವನು ಕುರ್ಚಿಯ ಮೇಲೆ, ತಾನು ಮನೆಯಲ್ಲಿ ಎಂದಾದರೆ ಆ ಮುಖ ಇನ್ನು ಊಟದ ಹೊತ್ತಿಗೆ ಮಾತ್ರ, ಅದೂ ತಗ್ಗಿದ್ದು.

ಎರಡು ದಿನ ಬಿಟ್ಟು ಫೋನು ಬಂತು. ನಾಲ್ಕು ಬೀದಿ ಆಚೆ ನೃತ್ಯ ಕಲಿಸುವ ಟೀಚರು. ಹೊಸ ಹಾಲಿನ ಗೋಡೆಗೆ ಮೂರು ಕನ್ನಡಿ ಬೇಕು, ಆರಡಿಗೆ ನಾಲ್ಕಡಿ, ಮೊದಲ ಮಹಡಿ, ಇಪ್ಪತ್ತಾರನೆಯ ತಾರೀಕಿನೊಳಗೆ ಆಗಬೇಕು.

"ಆಗತ್ತೆ" ಎಂದಿತು ಗಾಜಿನಕ್ಕನ ಬಾಯಿ. ಫೋನು ಇಟ್ಟ ಮೇಲೆ ಅವಳೇ ತನ್ನ ಬಾಯಿ ಮುಟ್ಟಿ ನೋಡಿಕೊಂಡಳು.

ಗಂಡ ಬರೆದ. ಯಾರು ಹೊರೋದು.

"ನಾವಿಬ್ರು."

ಹುಚ್ಚಾ.

"ಇರಬಹುದು" ಎಂದು ಅವಳು ಆ ಚೂರನ್ನು ಅವನ ಕೈಯಿಂದಲೇ ಕಿತ್ತುಕೊಂಡು ಒರೆಸಿದಳು. "ನೀವು ಹಿಂದಕ್ಕೆ ನಡೀರಿ. ನಾನು ಮುಂದೆ ನೋಡ್ಕೊಂಡು ದಾರಿ ಹೇಳ್ತೀನಿ. ಗಂಟಲು ನಂಗೂ ಇದೆ."

ಅಂಗಡಿಯ ಮುಂದಿನ ಓಣಿಯಲ್ಲಿ ಕನ್ನಡಿಯಷ್ಟೇ ಅಳತೆಯ ಪ್ಲೈವುಡ್ ಹಲಗೆ ಹಿಡಿದು ಅಭ್ಯಾಸ ಶುರುವಾಯಿತು. ಕ್ಷೌರದಂಗಡಿಯವನು ಗಿರಾಕಿಯ ಗಲ್ಲಕ್ಕೆ ಹಚ್ಚಿದ ನೊರೆಯನ್ನು ಅಲ್ಲಿಗೇ ಬಿಟ್ಟು ಬಾಗಿಲಿಗೆ ಬಂದ.

ಈ ಇಬ್ಬರ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು. ಎಡ ಬಲ ಎರಡೂ ಹಿಂದಕ್ಕೆ ನಡೆಯುವವರ ಸ್ವತ್ತು. ಅವನು "ಬಲಕ್ಕೆ" ಎಂದರೆ ಅದು ಅವಳ ಬಲ, ಎದುರು ನಿಂತ ಅವನಿಗೆ ಎಡ. ಹತ್ತೊಂಬತ್ತು ವರ್ಷದಲ್ಲಿ ಇದು ಅವನ ಮೈಗೆ ಎಷ್ಟು ಹತ್ತಿತ್ತೆಂದರೆ, ಬಲ ಎಂಬ ಮಾತು ಕಿವಿಗೆ ಬಿದ್ದರೆ ಕಾಲು ತಾನಾಗಿ ಎಡಕ್ಕೆ ಹೋಗುತ್ತಿತ್ತು.

"ಬಲಕ್ಕೆ" ಎಂದಳು ಅವಳು, ಕಟ್ಟಳೆಯಂತೆ ಅವನ ಬಲವನ್ನೇ ಲೆಕ್ಕ ಹಿಡಿದು.

ಅವನು ಎಡಕ್ಕೆ ಹೋದ. ಹಲಗೆ ದೀಪದ ಕಂಬಕ್ಕೆ ಬಡಿಯಿತು.

ಎರಡನೆಯ ಸಲ ಅವಳು, ಪಾಪ ಇವರಿಗೆ ಹಳೆಯ ರೂಢಿ ಬಿಟ್ಟಿಲ್ಲ, ನಾನೇ ತಿರುಗಿಸಿ ಹೇಳುತ್ತೇನೆ ಎಂದುಕೊಂಡು "ಎಡಕ್ಕೆ" ಎಂದಳು. ಅದೇ ಹೊತ್ತಿಗೆ ಅವನೂ ತನ್ನನ್ನು ತಿದ್ದಿಕೊಂಡಿದ್ದ. ಹಲಗೆ ಈ ಸಲ ಕ್ಷೌರದಂಗಡಿಯ ಬೆಂಚಿಗೆ ನುಗ್ಗಿತು. ಸರದಿಗೆ ಕಾದು ಪೇಪರು ಓದುತ್ತಿದ್ದ ಹಿರಿಯರೊಬ್ಬರು ಎರಡೂ ಕಾಲು ಮೇಲೆತ್ತಿ, ಪೇಪರಿನಿಂದ ಕಣ್ಣು ತೆಗೆಯದೆಯೇ, "ಕೂದಲು ಮಾತ್ರ ತೆಗೀತಾರೆ ಅಂದ್ಕೊಂಡಿದ್ದೆ" ಎಂದರು.

"ಏನಣ್ಣ, ಡ್ಯಾನ್ಸ್ ಕ್ಲಾಸಿಗೆ ಕನ್ನಡಿ ಹಾಕೋಕೆ ಡ್ಯಾನ್ಸೂ ಕಲೀಬೇಕಾ?" ಎಂದ ಕ್ಷೌರದವನು.

ಗಂಡ ಹಲಗೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದ. ಅವಳು ಹಿಂದೆಯೇ ಹೋದಳು. ಮೇಜಿನ ಮೇಲೆ ಪೆನ್ಸಿಲು ಇತ್ತು, ಚೂರುಗಳೂ ಇದ್ದವು. ಅವನು ಅವುಗಳ ಕಡೆ ಕೈ ಚಾಚಿ ಹಿಂತೆಗೆದ. ಹೆಬ್ಬೆರಳು ಕುತ್ತಿಗೆಗೆ ಹೋಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ.

"ಬ್ಯಾಂಕಿನ ಕೆಲಸ... ನೆನಪಿದೆಯಾ?"

ನೆನಪಿತ್ತು. ಹೊಸ ಕಟ್ಟಡ, ಮುಚ್ಚಳ ತೆಗೆದಿಟ್ಟ ಗುಂಡಿ. ಅವನು ನಿಲ್ಲು ಎಂದು ಕೂಗಿದಾಗ ಅವಳ ಹಿಮ್ಮಡಿ ಅಂಚಿನಾಚೆ ಗಾಳಿಯಲ್ಲಿತ್ತು.

"ಈಗ ಕೂಗೋಕೆ... ಕೈ ಬೇಕು." ಅವನು ಉಸಿರಿಗಾಗಿ ಬೆರಳು ತೆಗೆದು ಮತ್ತೆ ಒತ್ತಿದ. "ಕೈ ಬಿಟ್ರೆ ಗಾಜು ಬೀಳತ್ತೆ. ಬಿಡದಿದ್ರೆ... ನೀನು ಬೀಳ್ತೀಯ."

ಇಷ್ಟು ದಿನ ಅವನಿಗೆ ತನ್ನ ಧ್ವನಿಯದೇ ನಾಚಿಕೆ ಎಂದುಕೊಂಡಿದ್ದಳು. ನಾಚಿಕೆ ಇತ್ತು, ಸುಳ್ಳಲ್ಲ. ಆದರೆ ಅದರ ಬೆನ್ನಿಗೆ ಇದಿತ್ತು.

"ಅದಕ್ಕೇ ಆಗಲಿ ಅಂತ ಬರೆದ್ರಾ?"

ತಲೆಯಾಡಿಸಿದ.

"ನನ್ನ ಒಂದು ಮಾತು ಕೇಳಬಾರದಿತ್ತಾ?"

"ಏನಂತ?"

"ಬೀಳ್ತೀಯಾ ಅಂತ."

"ಕೇಳಿದ್ರೆ?"

"ಬಿದ್ರೆ ನನ್ನ ಕಾಲು ಮುರಿಯತ್ತೆ, ನಿಮ್ಮದಲ್ಲ ಅಂತಿದ್ದೆ."

ಅವನು ನಕ್ಕ. ನಗು ಬಾಯಿಯಿಂದ ಬರಲಿಲ್ಲ, ಕುತ್ತಿಗೆಯಿಂದ ಬುಸ್ಸೆಂದು ಹೊರಟಿತು. ತೂತಿನ ಮೇಲಿನ ಬಟ್ಟೆ ಪಟಪಟ ಹಾರಿತು. ಅವಳು ಆ ಬಟ್ಟೆಯನ್ನು ಸರಿಮಾಡಿ, ಅದರ ದಾರವನ್ನು ಹಿಂದೆ ಬಿಗಿದು ಕಟ್ಟಿದಳು. ಆದರೂ ಹೊರುವ ಮಾತಿಗೆ ಅವನು ಒಪ್ಪಲಿಲ್ಲ. ಟೀಚರಿಗೆ ಫೋನು ಮಾಡಿ ಬೇಡ ಅನ್ನು ಎಂದ. ನಾಳೆ ಮಾಡ್ತೀನಿ ಎಂದಳು. ಮಾಡಲಿಲ್ಲ. ಮರುದಿನ ಮಧ್ಯಾಹ್ನ, ಅವಳು ಮೊದಲೇ ಹೇಳಿಟ್ಟಿದ್ದ ಕನ್ನಡಿಗಳೇ ಬಂದುಬಿಟ್ಟವು.

ಲಾರಿಯವರಿಗೆ ಅವಸರ. ಮೂರನ್ನೂ ಬಾಗಿಲ ಪಕ್ಕ ಒರಗಿಸಿ ಹೋದರು. ಅಲ್ಲಿ ಬಿಟ್ಟರೆ ಬಂದವರ ಕಾಲು ತಗಲುತ್ತದೆ, ಒಳಗಿನ ಕಟ್ಟಿಗೆಯ ಸ್ಟ್ಯಾಂಡಿಗೆ ಸೇರಿಸಬೇಕು. ಹೆಚ್ಚೆಂದರೆ ಆರು ಹೆಜ್ಜೆ. ಆರು ಹೆಜ್ಜೆಗೆ ಮಾತೇಕೆ ಎಂದು ಇಬ್ಬರೂ ಕೈಗವಸು ಹಾಕಿ ಎತ್ತಿದರು. ಹಳೆಯ ರೂಢಿಯಂತೆ ಅವಳೇ ಹಿಂದಕ್ಕೆ ನಡೆದಳು.

ಮೂರನೆಯ ಹೆಜ್ಜೆಗೆ ಅಂಗೈಯಲ್ಲಿ ಏನೋ ಬಡಿಯಿತು. ಸದ್ದು ಕಿವಿಗೆ ಬಂದದ್ದು ಆಮೇಲೆ, ಅಂಗೈಗೆ ಬಂದದ್ದು ಮೊದಲು. ಅವಳು ಕಲ್ಲಿನಂತೆ ನಿಂತಳು. ಅವನ ತೋರುಬೆರಳು ಕನ್ನಡಿಯ ಮೇಲೆ ಮಡಚಿಕೊಂಡಿತ್ತು, ಮುಖ ಬೆಳ್ಳಗಾಗಿತ್ತು. ಕತ್ತು ತಿರುಗಿಸಿ ನೋಡಿದರೆ, ಅಂಚು ಉಜ್ಜುವ ಯಂತ್ರದ ವೈರು ಅವಳ ಹಿಮ್ಮಡಿಯ ಹಿಂದೆ ಮೊಣಕಾಲೆತ್ತರಕ್ಕೆ ಎಳೆದುಕೊಂಡಿತ್ತು. ಬೆಳಿಗ್ಗೆ ಅವಳೇ ಬಿಟ್ಟದ್ದು.

ಇಬ್ಬರೂ ಕನ್ನಡಿ ಹಿಡಿದೇ ಒಬ್ಬರನ್ನೊಬ್ಬರು ನೋಡಿದರು.

"ಇನ್ನೊಂದ್ಸಲ ಹೊಡೀರಿ" ಎಂದಳು ಗಾಜಿನಕ್ಕ.

ಹೊಡೆದ. ಗಾಜು ಆ ತುದಿಯ ಪೆಟ್ಟನ್ನು ಒಂದಿಷ್ಟೂ ಉಳಿಸಿಕೊಳ್ಳದೆ ಈ ತುದಿಯ ಕೈಗೆ ತಂದು ಕೊಟ್ಟಿತು. ಪ್ಲೈವುಡ್ಡಿಗೆ ಈ ಬುದ್ಧಿ ಇರಲಿಲ್ಲ.

ಮುಂದಿನ ಮೂರು ದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದಿರುತ್ತಿತ್ತು. ಮೂಲೆ ಬಿರುಕು ಬಿಟ್ಟ ಹಳೆಯ ಗಾಜೊಂದನ್ನು ಹೊತ್ತು ಇಬ್ಬರೂ ಮೇಜು ಸುತ್ತಿದರು, ಹಿತ್ತಲಿಗೆ ಹೋಗಿ ಬಂದರು, ಹೊಸ್ತಿಲು ದಾಟಿದರು. ಒಂದು ಪೆಟ್ಟು, ನಿಲ್ಲು. ಎರಡು, ಮೆಟ್ಟಿಲು. ಬೆರಳಿನಿಂದ ಮೆಲ್ಲನೆ ಉಜ್ಜಿದರೆ, ಹೊರಡು. ತಿರುಗುವುದಕ್ಕೆ ಪೆಟ್ಟೂ ಬೇಕಾಗಲಿಲ್ಲ. ಯಾವ ಕಡೆ ಹೋಗಬೇಕೋ ಆ ಕಡೆ ಅವನು ಮುಖ ತಿರುಗಿಸಿದರೆ ಸಾಕು, ಅವಳಂತೂ ಆ ಮುಖವನ್ನೇ ನೋಡುತ್ತಿದ್ದಳು. ಗವಸಿನ ದಪ್ಪಕ್ಕೆ ಪೆಟ್ಟು ಮೆತ್ತಗಾಗುತ್ತದೆಂದು ಅವನು ತೋರುಬೆರಳಿನ ಭಾಗವನ್ನು ಕತ್ತರಿಸಿ ತೆಗೆದ. ಒಂದು ಸಲ ಅವಳು ತಪ್ಪಿ ಗಾಜನ್ನು ಬಾಗಿಲಿಗೆ ತಗಲಿಸಿದಾಗ, ಒಂದರ ಮೇಲೊಂದು ಏಳೆಂಟು ಪೆಟ್ಟು ಹೊಡೆದ.

"ಇದೇನು?"

ಗಾಜು ಇಳಿಸಿ ಹೆಬ್ಬೆರಳು ಒತ್ತಿದ. "ಬೈಗುಳ."

ಇಪ್ಪತ್ತಾರರ ಬೆಳಿಗ್ಗೆ ನೃತ್ಯದ ಹಾಲಿನ ಮೆಟ್ಟಿಲ ಬುಡದಲ್ಲಿ ನಿಂತು ಅವಳು ಎಣಿಸಿ ನೋಡಿದಳು. ಇಪ್ಪತ್ತೆರಡು ಮೆಟ್ಟಿಲು, ನಡುವೆ ಒಂದು ತಿರುವು. ಅವಳು ಮೇಲೆ, ಅವನು ಕೆಳಗೆ. ಕೆಳಗಿನವರಿಗೇ ಭಾರ ಹೆಚ್ಚು. ಐದು ಮೆಟ್ಟಿಲಿಗೊಮ್ಮೆ ನಿಲ್ಲುವುದು ಎಂದು ಮಾತಾಗಿತ್ತು. ಮೊದಲ ಕನ್ನಡಿ ಹತ್ತಿತು. ಅವನು ಗೋಡೆಗೊರಗಿ ಸುಧಾರಿಸಿಕೊಂಡ, ತೂತಿನಲ್ಲಿ ಉಸಿರು ಸೀಟಿ ಹಾಕುತ್ತಿತ್ತು. ಸಾಕಾ ಎಂದು ಕಣ್ಣಿನಲ್ಲೇ ಕೇಳಿದಳು. ಅವನು ಎರಡು ಬೆರಳು ತೋರಿಸಿದ, ಇನ್ನೂ ಎರಡಿವೆ ಎಂದು. ಎರಡನೆಯದೂ ಹತ್ತಿತು.

ಮೂರನೆಯದು ತಿರುವು ದಾಟಿ ನಾಲ್ಕು ಮೆಟ್ಟಿಲು ಏರಿತ್ತು. ಒಂದು ಪೆಟ್ಟು ಬಿತ್ತು, ಜೋರಾಗಿ. ಅವಳ ಬಲಗಾಲು ಮೇಲಿನ ಮೆಟ್ಟಿಲಿಗೆ ಇನ್ನೂ ತಗಲಿರಲಿಲ್ಲ. ಅಲ್ಲೇ ನಿಂತಳು, ಒಂಟಿ ಕಾಲಿನಲ್ಲಿ, ಬೆನ್ನಿನ ಹಿಂದೆ ಏನಿದೆಯೆಂದು ತಿಳಿಯದೆ. ಗಂಡನ ಕುತ್ತಿಗೆಯ ನರ ಉಬ್ಬಿತ್ತು. ಉಸಿರು ಬಿಗಿಹಿಡಿಯಲಾರದ ಮೈ, ಭಾರವನ್ನು ತೋಳಿನಲ್ಲೇ ತಡೆದಿತ್ತು. ಕಣ್ಣು ಮಾತ್ರ ಅವಳ ಹೆಗಲಾಚೆ ನೆಟ್ಟಿತ್ತು. ಏನು, ಯಾರು ಎಂದು ಅವಳು ಕೇಳಲಿಲ್ಲ. ಅವಳ ಸೊಂಟದ ಪಕ್ಕದಲ್ಲಿ ಏನೋ ನುಸುಳಿತು. ತರಗತಿಗೆ ಬೇಗ ಬಂದಿದ್ದ ಪುಟ್ಟ ಹುಡುಗಿಯೊಬ್ಬಳು ಮೇಲಿನಿಂದ ಓಡಿ ಬಂದವಳು, ಗೋಡೆಗೆ ಅಂಟಿಕೊಂಡು ಇಬ್ಬರನ್ನೂ ದಾಟಿ ಕೆಳಗಿಳಿದು ಹೋದಳು. ಆ ಕಾಲನ್ನು ಇಟ್ಟಿದ್ದರೆ ಅದು ಮಗುವಿನ ಪಾದದ ಮೇಲಿರುತ್ತಿತ್ತು.

ಮೆಲ್ಲನೆ ಬೆರಳು ಉಜ್ಜಿತು. ಆಮೇಲೆ ಎರಡು ಪೆಟ್ಟು. ಅವಳು ಹಿಮ್ಮಡಿ ಊರಿದಳು.

"ಇಷ್ಟು ಹೊತ್ತಿಂದ ಇಬ್ಬರ ಬಾಯಿಂದಲೂ ಒಂದು ಮಾತಿಲ್ಲವಲ್ಲ, ಜಗಳವಾ?" ಎಂದು ಕೇಳಿದರು ಟೀಚರು, ಕನ್ನಡಿ ಗೋಡೆಗೆ ಕೂತ ಮೇಲೆ.

"ಇವತ್ತು ಇಲ್ಲ ಮೇಡಂ" ಎಂದಳು ಗಾಜಿನಕ್ಕ.

ಮೆಟ್ಟಿಲ ಹುಡುಗಿ ಮತ್ತೆ ಮೇಲೆ ಬಂದಿದ್ದಳು. ಕನ್ನಡಿಯ ಮುಂದೆ ಗಂಡ ತೂತಿನ ಬಟ್ಟೆ ಸರಿಮಾಡಿಕೊಳ್ಳುವುದನ್ನು ಕಣ್ಣು ಮಿಟುಕಿಸದೆ ನೋಡಿದಳು.

"ಅಂಕಲ್, ಅದೇನು?"

ಟೀಚರು ಶ್ ಎಂದರು. ಅವನು ಸುತ್ತಿಗೆ ಕೆಳಗಿಟ್ಟು, ನಿಧಾನವಾಗಿ ಹೆಬ್ಬೆರಳು ಒತ್ತಿದ.

"ಕಿಟಕಿ. ಗಾಜು ಹಾಕಿಲ್ಲ."

ಹುಡುಗಿ ಆ ಧ್ವನಿಗೆ ಒಂದು ಹೆಜ್ಜೆ ಹಿಂದೆ ಸರಿದವಳು, ಯೋಚಿಸಿ ಮುಂದೆ ಬಂದಳು. "ಯಾವಾಗ ಹಾಕ್ತೀರಿ?"

"ಹಾಕಿದ್ರೆ ಗಾಳಿ ಬರಲ್ಲ" ಎಂದ. ಅದು ಹುಡುಗಿಗೆ ಸರಿಯೆನಿಸಿತು.

ತಿಂಗಳ ಕೊನೆಯ ದಿನ ಮೈದುನ ಬಂದಾಗ ಅಂಗಡಿಯ ನಡುವೆ ಹೋಟೆಲೊಂದರ ಬಾಗಿಲಿಗೆ ಕತ್ತರಿಸಿದ ದೊಡ್ಡ ಗಾಜು ನಿಂತಿತ್ತು. ಅತ್ತಿಗೆ ಸ್ಟ್ಯಾಂಡಿನ ಹತ್ತಿರ ನೆಲ ಒರೆಸುತ್ತಿದ್ದಳು. ಅಣ್ಣ ಗಾಜಿನ ಒಂದು ತುದಿ ಹಿಡಿದು, ಇನ್ನೊಂದು ತುದಿಯ ಕಡೆ ಗಲ್ಲ ಚಾಚಿದ.

"ನಾನಾ? ಕಾಗದಕ್ಕೆ ಸಹಿ ಹಾಕು ಮೊದಲು" ಎಂದ ಮೈದುನ.

ಅಣ್ಣ ಮತ್ತೆ ಗಲ್ಲ ಚಾಚಿದ. ಅಣ್ಣನ ಮಾತು ತೆಗೆದುಹಾಕಿ ರೂಢಿಯಿಲ್ಲದವನು ಜೇಬಿನ ಕಾಗದವನ್ನು ಒಳಗೆ ತಳ್ಳಿ, ಗವಸು ಹಾಕಿಕೊಂಡು, ಗಾಜಿನ ತುದಿ ಹಿಡಿದು ಹಿಂದಕ್ಕೆ ನಡೆದ. ಒಂದು ಹೆಜ್ಜೆ, ಎರಡು. ಟಕ್ ಎಂದು ಒಂದು ಪೆಟ್ಟು ಬಿತ್ತು. ಇದೇನು ಸದ್ದು ಎಂದು ಯೋಚಿಸುತ್ತಲೇ ಮೂರನೆಯ ಹೆಜ್ಜೆ ಇಟ್ಟ. ಬೂಟುಕಾಲು ನೆಲ ಒರೆಸುವ ಬಕೆಟಿನೊಳಗೆ ನೆಟ್ಟಗೆ ಇಳಿಯಿತು.

ಗಾಜಿಗೆ ಏನೂ ಆಗಲಿಲ್ಲ. ಅಣ್ಣ ಭದ್ರವಾಗಿ ಹಿಡಿದಿದ್ದ.

"ಏನಣ್ಣ, ಹಿಂದೆ ಬಕೆಟ್ ಇದೆ ಅಂತ ಹೇಳೋದಲ್ವಾ?" ಎಂದವನು ನಾಲಿಗೆ ಕಚ್ಚಿಕೊಂಡ. ಯಾರನ್ನು ಏನು ಕೇಳಿದೆ ಎಂದು ಅವನ ಮುಖ ಸಣ್ಣದಾಯಿತು.

"ಹೇಳಿದ್ರಲ್ಲಪ್ಪ" ಎಂದಳು ಅತ್ತಿಗೆ. "ನಿಂಗೆ ಕೇಳಿಸ್ಲಿಲ್ಲ ಅಷ್ಟೆ."

ಮೈದುನ ಅಣ್ಣನನ್ನು ನೋಡಿದ. ಅಣ್ಣನ ಹೆಗಲು ಕುಣಿಯುತ್ತಿತ್ತು, ಕುತ್ತಿಗೆಯ ಬಟ್ಟೆ ಪಟಪಟ ಹಾರುತ್ತಿತ್ತು. ಅಣ್ಣ ನಗುವುದನ್ನು ಅವನು ಆಪರೇಷನ್ನಿನ ಹಿಂದಿನ ದಿನದಿಂದ ನೋಡಿರಲಿಲ್ಲ.

ಮೈದುನ ನೀರು ತುಂಬಿದ ಬೂಟನ್ನು ಬಕೆಟಿನಿಂದ ಮೇಲೆತ್ತಿದ. ಆಮೇಲೆ, "ಅತ್ತಿಗೆ, ಬನ್ನಿ. ಈ ತುದಿ ನೀವೇ ಹಿಡ್ಕೊಳ್ಳಿ, ನನ್ನ ಕೈಲಿ ಆಗಲ್ಲ" ಎಂದ.

ಅವಳು ಒದ್ದೆ ಕೈಯನ್ನು ಒರೆಸಿಕೊಂಡು ಬಂದು, ಅವನ ಕೈಗಳ ಪಕ್ಕದಲ್ಲೇ ಕೈಯಿಟ್ಟು, ಗಾಜನ್ನು ತೆಗೆದುಕೊಂಡಳು.